ಮಡಚಿದರೆ ಬಿರುಕು, ಉಸಿರಾಡಿದರೆ ಮಂಜು

1915ರ ಬೇಸಿಗೆಯಲ್ಲಿ ಫ್ಲಾಂಡರ್ಸಿನ ಕಂದಕಗಳಲ್ಲಿದ್ದ ಬ್ರಿಟಿಷ್ ಸೈನಿಕರ ಕೈಗೆ ಒಂದೊಂದು ಫ್ಲಾನೆಲ್ ಚೀಲ ಬಂತು. ವಿಷಗಾಳಿಯ ಸುಳಿವು ಸಿಕ್ಕ ಕೂಡಲೇ ಅದನ್ನು ತಲೆಯ ಮೇಲಿಂದ ಎಳೆದುಕೊಂಡು, ಕೆಳಗಿನ ಅಂಚನ್ನು ಕೋಟಿನೊಳಗೆ ತುರುಕಿ, ಕತ್ತಿನ ಗುಂಡಿ ಬಿಗಿಯಬೇಕು. ರಾಸಾಯನಿಕದಲ್ಲಿ ಅದ್ದಿ ತೆಗೆದ ಬಟ್ಟೆ. ಮುಟ್ಟಿದರೆ ಅಂಟು, ಮೂಸಿದರೆ ವಾಕರಿಕೆ. ಕಣ್ಣಿನ ಎದುರಿಗೆ ಒಂದು ಆಯತಾಕಾರದ ಪಾರದರ್ಶಕ ಹಾಳೆಯನ್ನು ಸೇರಿಸಿ ಹೊಲಿದಿದ್ದರು. ಬೇಡದ ಹೊತ್ತಿನಲ್ಲಿ ಮಡಚಿ ಸಣ್ಣ ಜೋಳಿಗೆಯಲ್ಲಿ ಇಟ್ಟುಕೊಳ್ಳಬಹುದು, ಭಾರವೂ ಇಲ್ಲ. ಸೈನಿಕನಿಗೆ ಇದಕ್ಕಿಂತ ಅನುಕೂಲದ ವಸ್ತು ಇನ್ನೇನು ಬೇಕು ಎನ್ನಿಸುವಂತಿತ್ತು. ಆದರೆ ಚೀಲ ಮಡಚಿದಾಗಲೆಲ್ಲ ಕಣ್ಣಿನ ಹಾಳೆಯೂ ಬಾಗುತ್ತಿತ್ತು. ಬಾಗಿ ಬಾಗಿ ಒಂದು ದಿನ ಸೀಳು ಬಿಡುತ್ತಿತ್ತು. ಕೂದಲೆಳೆಯಷ್ಟು ಸೀಳಿದ್ದರೂ ಕ್ಲೋರಿನ್‌ಗೆ ಸಾಕು.

ಗ್ಯಾಸ್ ಮಾಸ್ಕಿನ ಚರಿತ್ರೆಯನ್ನು ಸಾಮಾನ್ಯವಾಗಿ ರಸಾಯನಶಾಸ್ತ್ರದ ಕಥೆಯಾಗಿಯೇ ಹೇಳುತ್ತಾರೆ. ಯಾವ ವಿಷಕ್ಕೆ ಯಾವ ಪ್ರತಿವಿಷ, ಯಾವ ಇದ್ದಿಲು, ಯಾವ ಹರಳು ಎಂಬ ಲೆಕ್ಕ. ಆ ಲೆಕ್ಕ ಸಣ್ಣದಲ್ಲ, ಆದರೆ ಮೊದಲ ಮಹಾಯುದ್ಧದ ವಿಜ್ಞಾನಿಗಳು ಅದರ ಬಹುಪಾಲನ್ನು ಎರಡೇ ವರ್ಷಗಳಲ್ಲಿ ಬಿಡಿಸಿಬಿಟ್ಟರು. ಬಗೆಹರಿಯದೆ ಉಳಿದದ್ದು ಕಿಟಕಿ. ಹೊತ್ತು ತಿರುಗಲು ಮಾಸ್ಕು ಮಡಚಿಕೊಳ್ಳಬೇಕು, ನೋಡಲು ಅದರ ಕಣ್ಣು ಮಡಚಿಕೊಳ್ಳದೆ ಇರಬೇಕು. ಈ ಎರಡು ಬೇಡಿಕೆಗಳ ಜಗಳ ತೀರಲು ಇನ್ನೂ ಎಪ್ಪತ್ತು ವರ್ಷ ಹಿಡಿಯಿತು.

1915ರ ಏಪ್ರಿಲ್ 22ರ ಸಂಜೆ, ಬೆಲ್ಜಿಯಮ್ಮಿನ ಈಪ್ರ ಪಟ್ಟಣದ ಉತ್ತರಕ್ಕೆ ಜರ್ಮನ್ ಸೇನೆ 5,700ಕ್ಕೂ ಹೆಚ್ಚು ಸಿಲಿಂಡರುಗಳ ಮೂತಿ ಬಿಚ್ಚಿತು. ನೂರೈವತ್ತು ಟನ್ನಿಗೂ ಮಿಕ್ಕ ಕ್ಲೋರಿನ್ ಹಸಿರು ಹಳದಿ ಗೋಡೆಯಾಗಿ ನೆಲಕ್ಕೆ ಒತ್ತಿಕೊಂಡೇ ತೆವಳಿತು. ಎದುರಿಗಿದ್ದವರು ಫ್ರೆಂಚ್ ಮತ್ತು ಅಲ್ಜೀರಿಯದ ಪಡೆಗಳು. ಸಿಲಿಂಡರುಗಳ ಯೋಜನೆಯ ಹಿಂದೆ ಇದ್ದವನು ಬರ್ಲಿನ್ನಿನ ರಸಾಯನಶಾಸ್ತ್ರಜ್ಞ ಫ್ರಿಟ್ಜ್ ಹಾಬರ್. ಗಾಳಿಯ ಸಾರಜನಕವನ್ನು ಅಮೋನಿಯವಾಗಿಸುವ ದಾರಿ ಕಂಡುಕೊಂಡು, ಇವತ್ತಿಗೂ ನಮ್ಮ ಹೊಲಗಳಿಗೆ ಬೀಳುವ ಯೂರಿಯಾಕ್ಕೆ ಮೂಲಪುರುಷನಾದ ಅದೇ ಹಾಬರ್.

ನಾಲ್ಕು ದಿನಗಳ ನಂತರ, ಗ್ಯಾಸಿಗೆ ಮುರಿದಿದ್ದ ಆ ಸಾಲನ್ನು ತುಂಬಲು ಭಾರತೀಯ ಸೇನೆಯ ಲಾಹೋರ್ ಡಿವಿಷನ್ನನ್ನು ನೂಕಲಾಯಿತು. ಏಪ್ರಿಲ್ 26ರಂದು ಅವರ ದಾಳಿಯ ಮೇಲೂ ಗ್ಯಾಸ್ ಬಿತ್ತು. ಮುಖವಾಡವೆಂದು ಕರೆಯಬಹುದಾದ ಏನೂ ಅವರ ಬಳಿ ಇರಲಿಲ್ಲ. 57ನೇ ವೈಲ್ಡ್ಸ್ ರೈಫಲ್ಸ್ ಜೊತೆಗಿದ್ದ ಜಮಾದಾರ ಮೀರ್ ದಸ್ತ್, ಅಧಿಕಾರಿಗಳು ಒಬ್ಬೊಬ್ಬರಾಗಿ ಬಿದ್ದ ಮೇಲೆ ಉಳಿದವರನ್ನು ಒಗ್ಗೂಡಿಸಿ ಜಾಗ ಹಿಡಿದು ನಿಂತ. ಆಮೇಲೆ ಗುಂಡಿನ ಮಳೆಯಲ್ಲೇ ಎಂಟು ಮಂದಿ ಬ್ರಿಟಿಷ್ ಮತ್ತು ಭಾರತೀಯ ಅಧಿಕಾರಿಗಳನ್ನು ಸುರಕ್ಷಿತ ಸ್ಥಳಕ್ಕೆ ಸಾಗಿಸಲು ನೆರವಾದ. ಆಗಸ್ಟಿನಲ್ಲಿ ಬ್ರೈಟನ್ನಿನ ಅರಮನೆ ಆಸ್ಪತ್ರೆಯಲ್ಲಿ ಐದನೇ ಜಾರ್ಜ್ ದೊರೆ ಅವನ ಎದೆಗೆ ವಿಕ್ಟೋರಿಯಾ ಕ್ರಾಸ್ ಚುಚ್ಚಿದ. ಪದಕ ಬಂತು, ಆರೋಗ್ಯ ಬರಲಿಲ್ಲ. ಆ ಗ್ಯಾಸು ಅವನನ್ನು ಬಹುಕಾಲ ಕಾಡಿತು.

ಬಂದದ್ದು ಯಾವ ಗ್ಯಾಸು ಎಂದು ಪತ್ತೆ ಹಚ್ಚಲು ಲಂಡನ್ ಕಳಿಸಿದ್ದು ಜಾನ್ ಸ್ಕಾಟ್ ಹಾಲ್ಡೇನ್ ಎಂಬ ಶರೀರಶಾಸ್ತ್ರಜ್ಞನನ್ನು. ಗಣಿಗಳ ವಿಷಗಾಳಿಯನ್ನು ಅಧ್ಯಯನ ಮಾಡುತ್ತಲೇ ಕೂದಲು ನರೆಸಿಕೊಂಡವನು. ಯಾವ ಗಾಳಿ ಎಷ್ಟು ಕೆಟ್ಟದ್ದು ಎಂದು ತಿಳಿಯಲು ಅವನಿಗೆ ಗೊತ್ತಿದ್ದ ವಿಧಾನ ಒಂದೇ, ತಾನೇ ಉಸಿರಾಡಿ ನೋಡುವುದು. ಕ್ಲೋರಿನ್ ಎಂದು ಖಚಿತಪಡಿಸಿಕೊಂಡ ಮೇಲೆ ಪ್ರಯೋಗಗಳಿಗೆ ತನ್ನ ಮಗನನ್ನೇ ಕಂದಕದಿಂದ ಕರೆಸಿಕೊಂಡ. ಗಾಜಿನ ಮುಂಭಾಗದ ಕೋಣೆಯೊಂದಕ್ಕೆ ಅಳತೆ ಮಾಡಿ ಗ್ಯಾಸ್ ಬಿಡುವುದು, ಮುಖಕ್ಕೆ ಬಟ್ಟೆ ಕಟ್ಟಿಕೊಂಡೂ ಕಟ್ಟಿಕೊಳ್ಳದೆಯೂ ಒಳಗೆ ಕೂರುವುದು, ಕೆಮ್ಮು ತಡೆಯಲಾಗದಾಗ ಹೊರಗೆ ಬರುವುದು. ಆ ಮಗನೇ ಜೆ.ಬಿ.ಎಸ್. ಹಾಲ್ಡೇನ್. 1957ರಲ್ಲಿ ಇಂಗ್ಲೆಂಡ್ ಬಿಟ್ಟು ಕಲ್ಕತ್ತೆಯ ಭಾರತೀಯ ಸಾಂಖ್ಯಿಕ ಸಂಸ್ಥೆಗೆ ಬಂದು, ಭಾರತದ ಪೌರನಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ತಳಿವಿಜ್ಞಾನಿ. ಅವನ ಎದೆಗೂಡು ಕ್ಲೋರಿನ್ನಿನ ರುಚಿಯನ್ನು ಅಪ್ಪನ ಜೊತೆಗೇ ಕಂಡಿತ್ತು.

ಅಷ್ಟರಲ್ಲಿ ಬ್ರಿಟನ್ನಿನ ಪತ್ರಿಕೆಗಳಲ್ಲಿ ಮನೆಮನೆಯ ಹೆಂಗಸರಿಗೆ ಕರೆ ಬಂದಿತ್ತು: ಹತ್ತಿಯ ಪಟ್ಟಿ ಹೊಲಿದು ಕಳಿಸಿ. ಒಂದೇ ದಿನದಲ್ಲಿ ಮೂವತ್ತು ಸಾವಿರದಷ್ಟು ಪಟ್ಟಿಗಳು ತಯಾರಾದವು ಎನ್ನುತ್ತಾರೆ. ದೇಶಪ್ರೇಮಕ್ಕೆ ಕೊರತೆ ಇರಲಿಲ್ಲ, ಪಟ್ಟಿಗಳಿಂದ ಮಾತ್ರ ಕವಡೆಯಷ್ಟೂ ಉಪಯೋಗವಿರಲಿಲ್ಲ. ಒಣಗಿದ್ದರೆ ಗ್ಯಾಸ್ ಸಲೀಸಾಗಿ ದಾಟುತ್ತಿತ್ತು, ನೆನೆಸಿದರೆ ಗಾಳಿಯೇ ದಾಟುತ್ತಿರಲಿಲ್ಲ. ಅದರ ಬದಲಿಗೆ ಹಾಲ್ಡೇನನ ಬಳಗ ಕಪ್ಪು ಜಾಲರಿ ಬಟ್ಟೆಯಲ್ಲಿ ಹತ್ತಿಯ ಗದ್ದಿ ಸುತ್ತಿ, ಹೈಪೋ, ಸೋಡಾ, ಗ್ಲಿಸರಿನ್ ಬೆರೆಸಿದ ದ್ರಾವಣದಲ್ಲಿ ಅದ್ದಿ ಕೊಟ್ಟಿತು. ಫೋಟೋ ತೊಳೆಯುವವರು ಬಳಸುತ್ತಿದ್ದ ಅದೇ ಹೈಪೋ ಕ್ಲೋರಿನ್ನನ್ನು ಹಿಡಿದು ನಿರುಪದ್ರವಿಯಾಗಿಸುತ್ತದೆ. ಗ್ಲಿಸರಿನ್ ಬಟ್ಟೆ ಒಣಗದಂತೆ ಕಾಯುತ್ತದೆ.

ಈ ಕಪ್ಪು ಪಟ್ಟಿ ಮಡಚಿದರೆ ಜೇಬಿನಲ್ಲಿ ಕೂರುತ್ತಿತ್ತು, ಅದನ್ನು ಕಟ್ಟಿಕೊಂಡವನಿಗೆ ಎಲ್ಲವೂ ನಿಚ್ಚಳವಾಗಿ ಕಾಣುತ್ತಿತ್ತು. ಏಕೆಂದರೆ ಅದು ಕಣ್ಣನ್ನು ಮುಚ್ಚುತ್ತಲೇ ಇರಲಿಲ್ಲ. ಕ್ಲೋರಿನ್ ಕಣ್ಣಿಗೆ ತಾಗಿದ ಮೇಲೆ ನಿಚ್ಚಳ ನೋಟ ಎಷ್ಟು ಹೊತ್ತು ಉಳಿದೀತು? ಜಾಲರಿಯ ಮೇಲಂಚನ್ನು ಕಣ್ಣಿಗೆ ಎಳೆದುಕೊಳ್ಳಿ ಎಂಬ ಸೂಚನೆಯಿತ್ತು. ಎಳೆದುಕೊಂಡರೆ ಗುರಿ ಇಡುವುದು ಹೇಗೆ ಎಂಬುದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ.

ಇಲ್ಲಿಗೆ ಕಾಲಿಟ್ಟವನು ನ್ಯೂಫೌಂಡ್‌ಲ್ಯಾಂಡ್ ರೆಜಿಮೆಂಟಿನ ವೈದ್ಯ ಕ್ಲೂನಿ ಮ್ಯಾಕ್‌ಫರ್ಸನ್. ಜರ್ಮನ್ ಸೈನಿಕನೊಬ್ಬ ತಲೆಗೆ ಚೀಲ ಹಾಕಿಕೊಂಡದ್ದನ್ನು ಕೆನಡದ ಸಾರ್ಜೆಂಟನೊಬ್ಬ ಕಂಡಿದ್ದನೆಂದೂ, ಆ ಮಾತೇ ಮ್ಯಾಕ್‌ಫರ್ಸನನ ಕಿವಿಗೆ ಬಿದ್ದಿತೆಂದೂ ಒಂದು ಕಥೆಯಿದೆ. ಇಡೀ ತಲೆಯನ್ನೇ ಹೈಪೋದಲ್ಲಿ ನೆನೆದ ಚೀಲದೊಳಗೆ ಹಾಕಿಬಿಟ್ಟರೆ ಮೂಗು, ಬಾಯಿ, ಕಣ್ಣು ಮೂರಕ್ಕೂ ಒಂದೇ ರಕ್ಷಣೆ. ಕಿಟಕಿಗೆ ಮೊದಲು ಅಭ್ರಕದ ಹಾಳೆ ಹಾಕಿ ನೋಡಿದ, ಅದು ಪುಡಿಪುಡಿ. ಆಮೇಲೆ ಸೆಲ್ಯುಲಾಯ್ಡ್, ಅಂದರೆ ಆ ಕಾಲದ ಸಿನಿಮಾ ರೀಲಿನ ಸಾಮಗ್ರಿ. 25 ಲಕ್ಷಕ್ಕೂ ಮಿಕ್ಕಿ ಇಂಥ ಟೊಪ್ಪಿಗೆಗಳು ತಯಾರಾದವು. ಈ ಲೇಖನದ ಮೊದಲಿಗೆ ಬಂದ ಚೀಲ ಇದೇ.

ಸೆಲ್ಯುಲಾಯ್ಡ್ ಬಿರುಕು ಬಿಡುತ್ತಿದ್ದುದಕ್ಕೆ ಬಂದ ಮದ್ದು ಬಹಳ ಸರಳವಾಗಿತ್ತು. ಜುಲೈ ಹೊತ್ತಿಗೆ ಬಂದ ಮುಂದಿನ ಮಾದರಿ, ಪಿ ಹೆಲ್ಮೆಟ್, ಒಂದು ಅಗಲವಾದ ಕಿಟಕಿಯನ್ನು ಬಿಟ್ಟು ಲೋಹದ ಬಳೆಯಲ್ಲಿ ಕೂರಿಸಿದ ಎರಡು ಪುಟ್ಟ ಗಾಜಿನ ಬಿಲ್ಲೆಗಳನ್ನು ತಂದಿತು. ಗಾಜು ಮಡಚುವುದಿಲ್ಲ, ಆದರೆ ಎರಡು ಗಾಜುಗಳ ನಡುವಿನ ಬಟ್ಟೆ ಮಡಚುತ್ತದೆ. ಹಾಗಾಗಿ ಚೀಲ ಮತ್ತೆ ಜೋಳಿಗೆಗೆ ಹಿಡಿಸಿತು, ಕಣ್ಣೂ ಉಳಿಯಿತು. ತೆತ್ತ ಬೆಲೆ ನೋಟದ ಅಗಲ. ಎಡಬಲ ಏನಿದೆ ಎಂದು ನೋಡಲು ಇಡೀ ತಲೆಯನ್ನೇ ತಿರುಗಿಸಬೇಕು, ಕಾಲಬುಡ ಕಾಣಲು ಬಗ್ಗಬೇಕು. ಗ್ಯಾಸ್ ಮಾಸ್ಕ್ ಎಂದ ಕೂಡಲೇ ನಮ್ಮ ಕಣ್ಣಿಗೆ ಕಟ್ಟುವ ಆ ಎರಡು ದುಂಡು ಕಣ್ಣುಗಳ ಕೀಟದ ಮುಖವನ್ನು ಯಾವ ಕಲಾವಿದನೂ ಹೆದರಿಸಲೆಂದು ಚಿತ್ರಿಸಿದ್ದಲ್ಲ. ಬಟ್ಟೆ ಮಡಚಬೇಕು, ಗಾಜು ಒಡೆಯಬಾರದು ಎಂಬ ರಾಜಿಯಿಂದ ಹುಟ್ಟಿದ ಮುಖ ಅದು.

ಪಿ ಹೆಲ್ಮೆಟ್ಟಿನಲ್ಲಿ ಇನ್ನೊಂದು ಹೊಸತಿತ್ತು. ಹಲ್ಲಿನಲ್ಲಿ ಕಚ್ಚಿಕೊಳ್ಳುವ ಒಂದು ಕೊಳವೆ. ಬಿಟ್ಟ ಉಸಿರು ಅದರ ತುದಿಯ ರಬ್ಬರ್ ಕವಾಟದಿಂದ ಹೊರಗೆ ಹೋಗುತ್ತಿತ್ತು. ಮೂಗಿನಿಂದ ಎಳೆದುಕೊಂಡು ಬಾಯಿಂದ ಬಿಡುವುದನ್ನು ಸೈನಿಕರು ಅಭ್ಯಾಸ ಮಾಡಬೇಕಿತ್ತು. ಬಟ್ಟೆಗೆ ಈಗ ಫಾಸ್ಜೀನ್ ಎಂಬ ಇನ್ನೊಂದು ವಿಷಗಾಳಿಯನ್ನು ತಡೆಯುವ ಸೋಡಿಯಂ ಫಿನೇಟ್. ಜರ್ಮನ್ನರು ಆ ಡಿಸೆಂಬರ್ 19ರಂದು ಈಪ್ರದ ಬಳಿ ಬ್ರಿಟಿಷರ ಮೇಲೆ ಫಾಸ್ಜೀನ್ ಬಿಟ್ಟಾಗ ಅದು ಕೆಲಸಕ್ಕೆ ಬಂತು. ಮುಂದೆ ರಷ್ಯನ್ನರ ಸಲಹೆಯಂತೆ ಹೆಕ್ಸಮೀನ್ ಸೇರಿಸಿದ ಪಿಎಚ್ ಹೆಲ್ಮೆಟ್ ಬಂತು, ಒಂದೂಕಾಲು ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ. ಮಳೆಗೋ ಬೆವರಿಗೋ ನೆನೆದಾಗ ಈ ರಾಸಾಯನಿಕಗಳೆಲ್ಲ ಹಣೆಯಿಂದ ಕಣ್ಣಿಗೆ ಇಳಿಯುತ್ತಿದ್ದವು. ಹೊರಗಿನ ವಿಷದಿಂದ ಕಾಪಾಡುವ ಚೀಲದೊಳಗೆ ಕಣ್ಣುರಿಯಲ್ಲಿ ನೀರು ಸುರಿಸುತ್ತ ನಿಲ್ಲಬೇಕಾಗಿತ್ತು.

ಇದರ ಮೇಲೆ ಮಂಜು. ಕೋವಿಡ್ ಕಾಲದಲ್ಲಿ ಮಾಸ್ಕಿನ ಮೇಲೆ ಕನ್ನಡಕ ಹಾಕಿ ಬಸ್ಸು ಹತ್ತಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಳಗಿನಿಂದ ಬರುವ ಉಸಿರು ಬಿಸಿ, ತೇವ. ಹೊರಗಿನ ಚಳಿಗೆ ಗಾಜು ತಣ್ಣಗೆ. ಉಸಿರಿನ ಆವಿ ಗಾಜಿನ ಮೇಲೆ ಸಾವಿರಾರು ಸೂಕ್ಷ್ಮ ಹನಿಗಳಾಗಿ ಕೂರುತ್ತದೆ, ಒಂದೊಂದು ಹನಿಯೂ ಬೆಳಕನ್ನು ಚದುರಿಸುತ್ತದೆ. ಬಸ್ಸಿನಲ್ಲಿದ್ದವರು ಕನ್ನಡಕ ತೆಗೆದು ಒರೆಸಿಕೊಳ್ಳಬಹುದು. ಗ್ಯಾಸ್ ಮೋಡದ ನಡುವೆ ನಿಂತವನು ಏನು ಮಾಡಬೇಕು? ಮಾಸ್ಕ್ ತೆಗೆದರೆ ಸಾವು, ತೆಗೆಯದಿದ್ದರೆ ಎದುರಿಗೆ ಬರುತ್ತಿರುವವನು ಕಾಣುವುದಿಲ್ಲ. ತಾಳ್ಮೆಗೆಟ್ಟು ಮಾಸ್ಕ್ ಕಿತ್ತೆಸೆದು ಸತ್ತವರು ಎಲ್ಲ ಸೇನೆಗಳಲ್ಲೂ ಇದ್ದರು. ಆದ್ದರಿಂದ ಇದ್ದಿಲಿನ ಮೇಲೆ ಕೆಲಸ ಮಾಡುತ್ತಿದ್ದವರಷ್ಟೇ ಗಂಭೀರವಾಗಿ ಮಂಜಿನ ಮೇಲೂ ಜನ ಕೆಲಸ ಮಾಡಬೇಕಾಯಿತು.

ಜರ್ಮನ್ನರ ಮೊದಲ ಉತ್ತರ ಬೆರಳು. 1915ರ ಕೊನೆಯಲ್ಲಿ ಅವರ ಸೈನಿಕರಿಗೆ ಬಂದ ರಬ್ಬರು ಲೇಪದ ಮಾಸ್ಕಿನಲ್ಲಿ ಎರಡು ಕಣ್ಣುಗಳ ನಡುವೆ ಬಟ್ಟೆಯ ಒಂದು ಸಡಿಲ ನೆರಿಗೆ ಬಿಟ್ಟಿದ್ದರು. ಹೊರಗಿನಿಂದ ಆ ನೆರಿಗೆಯೊಳಗೆ ಬೆರಳು ತೂರಿಸಿ, ಮಾಸ್ಕ್ ತೆಗೆಯದೆಯೇ ಗಾಜಿನ ಒಳಮೈಯನ್ನು ಉಜ್ಜಬಹುದಿತ್ತು. ಮಡಿಕೆಯೇ ಶತ್ರುವಾಗಿದ್ದ ಕಡೆ ಮಡಿಕೆಯನ್ನೇ ಉಪಕರಣ ಮಾಡಿಕೊಂಡ ಈ ಬುದ್ಧಿಗೆ ತಲೆದೂಗಲೇಬೇಕು. ಎರಡು ಕೈಯಲ್ಲಿ ಬಂದೂಕು ಹಿಡಿದವನಿಗೆ ಮೂರನೆಯ ಕೈ ಎಲ್ಲಿಂದ ಬರಬೇಕು ಎಂಬುದು ಬೇರೆ ಮಾತು. ಎರಡನೆಯ ಉತ್ತರ ಇನ್ನೂ ಚೆನ್ನಾಗಿತ್ತು: ಒಳಮೈಗೆ ಜೆಲಾಟಿನ್ ಬಳಿದ ತೆಳು ಬಿಲ್ಲೆಗಳು. ಜೆಲಾಟಿನ್ ತೇವವನ್ನು ಹೀರಿಕೊಂಡು ತಾನು ಉಬ್ಬುತ್ತದೆ, ಹನಿ ಕಟ್ಟಲು ಬಿಡುವುದಿಲ್ಲ. ತೇವ ಕುಡಿದು ಸಾಕಾದಾಗ ಬಿಲ್ಲೆ ತೆಗೆದು ಹೊಸತು ಹಾಕಿಕೊಳ್ಳಬೇಕು. ಜರ್ಮನ್ ಮಾಸ್ಕಿನ ತಗಡಿನ ಡಬ್ಬಿಯ ಮುಚ್ಚಳದಲ್ಲಿ ಬದಲಿ ಬಿಲ್ಲೆ ಇಟ್ಟುಕೊಳ್ಳುವ ರೂಢಿ ಎರಡನೆಯ ಮಹಾಯುದ್ಧದವರೆಗೂ ಉಳಿಯಿತು.

ಜರ್ಮನ್ನರ ಮಾಸ್ಕು ಸಣ್ಣದಾಗಿದ್ದುದಕ್ಕೆ ಕಾರಣ ಫಿಲ್ಟರು. ಹಾಬರನ ಸ್ನೇಹಿತ, ಅದೇ 1915ರಲ್ಲಿ ಹಸಿರೆಲೆಯ ಬಣ್ಣದ ಮೇಲಿನ ಕೆಲಸಕ್ಕೆ ನೊಬೆಲ್ ಪಡೆದ ರಿಚರ್ಡ್ ವಿಲ್‌ಸ್ಟೆಟರ್, ಇದ್ದಿಲು ಮತ್ತು ಹೆಕ್ಸಮೀನ್ ತುಂಬಿದ ಪುಟ್ಟ ಡಬ್ಬಿಯನ್ನು ರೂಪಿಸಿದ; ಅದು ನೇರವಾಗಿ ಮಾಸ್ಕಿನ ಮೂತಿಗೇ ತಿರುಪಿನಂತೆ ಕೂರುತ್ತಿತ್ತು. ಕೊಳವೆ ಇಲ್ಲ, ಎದೆಯ ಮೇಲೆ ಚೀಲ ಇಲ್ಲ. ಕತ್ತು ಮಾತ್ರ ಆ ಭಾರವನ್ನು ಹೊರಬೇಕು. ಯುದ್ಧದ ಕೊನೆಗೆ ರಬ್ಬರು ಸಿಗದೆ ಜರ್ಮನ್ನರು ಅದೇ ಮಾಸ್ಕನ್ನು ಎಣ್ಣೆ ಕುಡಿಸಿದ ಚರ್ಮದಲ್ಲಿ ಹೊಲಿಯಬೇಕಾಯಿತು.

ಫ್ರೆಂಚರ ದಾರಿ ಬೇರೆ. 1916ರಲ್ಲಿ ಅವರು ಹಂಚಿದ ಎಂ2 ಮಾಸ್ಕು ಪೂರ್ತಿ ಬಟ್ಟೆಯದು: ರಾಸಾಯನಿಕ ಕುಡಿಸಿದ ಜಾಲರಿಯ ಹಲವು ಪದರಗಳು, ಡಬ್ಬಿಯಿಲ್ಲ, ಕವಾಟವೂ ಇಲ್ಲ. ಕರವಸ್ತ್ರದಂತೆ ಮಡಚಿಡಬಹುದಾದ ಇದು ಸುಮಾರು 2.9 ಕೋಟಿ ಸಂಖ್ಯೆಯಲ್ಲಿ ತಯಾರಾಯಿತು. ಬಿಟ್ಟ ಉಸಿರೂ ಅದೇ ಬಟ್ಟೆಯ ಮೂಲಕವೇ ಹೊರಗೆ ಹೋಗಬೇಕಾದ್ದರಿಂದ ಒಳಗೆ ಬೇಗೆ, ಮಂಜು ಎರಡೂ ಹೆಚ್ಚು.

ಆ ಕಾಲದ ಫ್ರೆಂಚ್ ಮಾಸ್ಕುಗಳ ಕಣ್ಣಿನಲ್ಲಿ ಒಂದು ಹೊಚ್ಚ ಹೊಸ ಪದಾರ್ಥಕ್ಕೂ ಕೆಲಸ ಸಿಕ್ಕಿತು. ಜಾಕ್ ಬ್ರಾಂಡೆನ್‌ಬರ್ಗರ್ ಎಂಬ ಸ್ವಿಸ್ ಜವಳಿ ರಸಾಯನಜ್ಞ ಹೋಟೆಲಿನ ಮೇಜುಬಟ್ಟೆಯ ಮೇಲೆ ವೈನ್ ಚೆಲ್ಲಿದ್ದನ್ನು ನೋಡಿ, ಕಲೆ ಹಿಡಿಯದ ಬಟ್ಟೆ ಮಾಡುತ್ತೇನೆಂದು ಹೊರಟಿದ್ದ. ಬಟ್ಟೆಗೆ ಬಳಿದ ವಿಸ್ಕೋಸ್ ಗಟ್ಟಿಯಾಗಿ, ಆಮೇಲೆ ಪಾರದರ್ಶಕ ಪೊರೆಯಾಗಿ ಸುಲಿದು ಬಂತು. ಬಟ್ಟೆಯ ಆಸೆ ಬಿಟ್ಟು ಪೊರೆಯನ್ನೇ ಹಿಡಿದ, ಅದೇ ಸೆಲೊಫೇನ್. ಮಿಠಾಯಿ ಸುತ್ತುವ ಕಾಗದವಾಗಿ ಲೋಕವನ್ನೆಲ್ಲ ಸುತ್ತುವ ಮುಂಚೆ ಅದು ಗ್ಯಾಸ್ ಮಾಸ್ಕಿನ ಕಣ್ಣಾಗಿ ದುಡಿಯಿತು. ಸೆಲ್ಯುಲಾಯ್ಡಿನಂತೆ ಬೆಂಕಿಗೆ ಭುಗಿಲೇಳುವುದಿಲ್ಲ, ಬಾಗಿದರೆ ಚೂರಾಗುವುದಿಲ್ಲ. ತೇವ ತಾಗಿದರೆ ಮಾತ್ರ ಉಬ್ಬಿ ಸುಕ್ಕುಗಟ್ಟುತ್ತಿತ್ತು, ನೋಟವೂ ಅದರೊಂದಿಗೆ ಸುಕ್ಕಾಗುತ್ತಿತ್ತು.

ಮಂಜಿನ ಸಮಸ್ಯೆಗೆ ಅತ್ಯಂತ ಜಾಣ ಉತ್ತರ ಬಂದದ್ದು ಯುದ್ಧಕ್ಕೆ ಸಂಬಂಧವೇ ಇಲ್ಲದ ಜಾಗದಿಂದ. ಪ್ಯಾರಿಸ್ಸಿನ ನಿಸರ್ಗ ಚರಿತ್ರೆಯ ಸಂಗ್ರಹಾಲಯದಲ್ಲಿದ್ದ ಶರೀರಶಾಸ್ತ್ರಜ್ಞ ಜೂಲ್ ಟಿಸೋ, ಗಾಜನ್ನು ಒರೆಸುವುದೇಕೆ, ಗಾಳಿಯೇ ಒರೆಸಲಿ ಎಂದ. ಫಿಲ್ಟರಿನಿಂದ ಬರುವ ಗಾಳಿ ಒಣಗಿರುತ್ತದೆ. ಅದನ್ನು ನೇರ ಮೂಗಿಗೆ ಬಿಡದೆ, ಎರಡು ನಾಳಗಳ ಮೂಲಕ ಕಣ್ಣಿನ ಗಾಜುಗಳ ಒಳಮೈಯನ್ನು ಸವರಿಕೊಂಡು ಬರುವಂತೆ ತಿರುಗಿಸಿದ. ಒಳಗೆ ಎಳೆದ ಪ್ರತಿ ಉಸಿರೂ ಹಿಂದಿನ ಉಸಿರು ಬಿಟ್ಟ ಮಂಜನ್ನು ಅಳಿಸುತ್ತಿತ್ತು. ಸೈನಿಕ ಓಡಿದಷ್ಟು, ಏದುಸಿರು ಬಿಟ್ಟಷ್ಟು ಗಾಜು ಇನ್ನೂ ಬೇಗ ತಿಳಿಯಾಗುತ್ತಿತ್ತು. ಇಂದಿನ ಯಾವುದೇ ಸೇನಾ ಮಾಸ್ಕನ್ನು ಬಿಚ್ಚಿ ನೋಡಿದರೂ ಈ ಉಪಾಯ ಸಿಗುತ್ತದೆ. ಟಿಸೋನ ಸ್ವಂತ ಉಪಕರಣದ ದೋಷವೆಂದರೆ ಗಾತ್ರ. ಬೆನ್ನಿಗೆ ದೊಡ್ಡ ಡಬ್ಬಿ ಕಟ್ಟಿಕೊಳ್ಳಬೇಕಾದ ಅದು ಫಿರಂಗಿ ವೀಕ್ಷಕರು, ಗಾಯಾಳುಗಳನ್ನು ಹೊರುವವರಂಥ ಕೆಲವರಿಗಷ್ಟೇ ದಕ್ಕಿತು. ಕಂದಕದ ಸಾಮಾನ್ಯ ಸೈನಿಕ ಅದರ ಸುಖವನ್ನು ಕಾಣಲಿಲ್ಲ.

ಬ್ರಿಟಿಷರ ಪಾಲಿಗೆ ಈ ಯುದ್ಧದ ಒಳ್ಳೆಯ ಮಾಸ್ಕನ್ನು ಕೊಟ್ಟದ್ದು ಎಡ್ವರ್ಡ್ ಹ್ಯಾರಿಸನ್ ಎಂಬ ಔಷಧ ವಿಶ್ಲೇಷಕ. ವಯಸ್ಸು ಮೀರಿದೆ ಎಂದು ಸೇನೆ ತಿರಸ್ಕರಿಸಿದರೂ ಬಿಡದೆ ಸಾಮಾನ್ಯ ಸಿಪಾಯಿಯಾಗಿ ಸೇರಿಕೊಂಡವನು. ಆಕ್ಸ್‌ಫರ್ಡಿನ ಬರ್ಟ್ರಂ ಲ್ಯಾಂಬರ್ಟ್ ರೂಪಿಸಿದ್ದ ಸುಣ್ಣ ಮತ್ತು ಪರ್ಮ್ಯಾಂಗನೇಟಿನ ಹರಳುಗಳನ್ನೂ ಇದ್ದಿಲನ್ನೂ ಡಬ್ಬಿಯಲ್ಲಿ ತುಂಬಿ, ಡಬ್ಬಿಯನ್ನು ಎದೆಯ ಮೇಲಿನ ಚೀಲದಲ್ಲಿಟ್ಟು, ಸುಕ್ಕುಗೊಳವೆಯಿಂದ ಮುಖಕ್ಕೆ ಜೋಡಿಸಿದ. 1916ರಲ್ಲಿ ಹಂಚಲಾದ ಈ ಸ್ಮಾಲ್ ಬಾಕ್ಸ್ ರೆಸ್ಪಿರೇಟರಿನಲ್ಲಿ ಮಂಜಿಗೆ ಕೊಟ್ಟ ಪರಿಹಾರ ಒರಟಾದದ್ದು: ಮೂಗಿಗೆ ಒಳಗೊಂದು ಕ್ಲಿಪ್ಪು, ಬಾಯಿಗೆ ಕಚ್ಚುಕೊಳವೆ. ಉಸಿರು ಕಣ್ಣಿನ ಕಡೆಗೆ ಸುಳಿಯುವುದೇ ಇಲ್ಲ, ಮುಖದ ಬೆವರಿನಿಂದ ಏಳುವ ಆವಿಯಷ್ಟೇ ಉಳಿದದ್ದು. ಗಂಟೆಗಟ್ಟಲೆ ಮೂಗು ಹಿಂಡಿಸಿಕೊಂಡು ಜೊಲ್ಲು ಸುರಿಸುತ್ತ ನಿಲ್ಲುವ ಹಿಂಸೆಯನ್ನು ಸೈನಿಕರು ಬೈಯುತ್ತಲೇ ಸಹಿಸಿದರು, ಏಕೆಂದರೆ ಅದು ನಿಜಕ್ಕೂ ಕಾಪಾಡುತ್ತಿತ್ತು. ಹ್ಯಾರಿಸನ್ ಮಾತ್ರ ದುಡಿದು ಬಸವಳಿದು, ಯುದ್ಧ ಮುಗಿಯಲು ಒಂದು ವಾರ ಇರುವಾಗ, 1918ರ ನವೆಂಬರ್ 4ರಂದು ನ್ಯುಮೋನಿಯಾದಿಂದ ತೀರಿಕೊಂಡ.

ಈ ಮಾಸ್ಕುಗಳ ಕಣ್ಣಿಗೆ ಮೊದಲು ಸೆಲ್ಯುಲಾಯ್ಡ್, ಮುಂದೆ ಟ್ರಿಪ್ಲೆಕ್ಸ್ ಬಂತು. ಟ್ರಿಪ್ಲೆಕ್ಸ್ ಎಂದರೆ ಎರಡು ಗಾಜಿನ ನಡುವೆ ಸೆಲ್ಯುಲಾಯ್ಡಿನ ಪದರ ಅಂಟಿಸಿದ ಒಡೆದರೂ ಚದುರದ ಗಾಜು. ಇದನ್ನು ಕಂಡುಹಿಡಿದ ಎದುವಾರ್ ಬೆನೆಡಿಕ್ಟಸ್ ಫ್ರೆಂಚ್ ಕಲಾವಿದನೂ ಹೌದು, ರಸಾಯನಜ್ಞನೂ ಹೌದು. ಅವನ ಪ್ರಯೋಗಾಲಯದಲ್ಲಿ ಬೀಳಿಸಿಕೊಂಡ ಗಾಜಿನ ಬುರುಡೆಯೊಂದು ಬಿರಿದರೂ ಚೂರಾಗದೆ ಹಾಗೇ ನಿಂತಿತ್ತು, ಒಳಗೆ ಒಣಗಿದ್ದ ಸೆಲ್ಯುಲೋಸ್ ನೈಟ್ರೇಟಿನ ಪೊರೆಯ ದೆಸೆಯಿಂದ. 1909ರಲ್ಲಿ ಪೇಟೆಂಟ್ ಮಾಡಿಸಿದ ಮೇಲೂ ಕಾರು ತಯಾರಕರು ದುಬಾರಿ ಎಂದು ಮೂಗು ಮುರಿದಿದ್ದರು. ಅದರ ಮೊದಲ ದೊಡ್ಡ ಗಿರಾಕಿ ಗ್ಯಾಸ್ ಮಾಸ್ಕ್. ಕಣ್ಣಿನಿಂದ ಎರಡು ಬೆರಳು ದೂರದಲ್ಲಿರುವ ಗಾಜಿಗೆ ಸಿಡಿಗುಂಡಿನ ಚೂರು ಬಡಿದರೆ ಏನಾಗುತ್ತದೆ ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

1917ರ ಜುಲೈಯಲ್ಲಿ, ಮತ್ತೆ ಈಪ್ರದಲ್ಲೇ, ಮಸ್ಟರ್ಡ್ ಗ್ಯಾಸ್ ಬಂದು ಲೆಕ್ಕವನ್ನೆಲ್ಲ ಬದಲಿಸಿತು. ಕ್ಲೋರಿನ್ ಮೋಡ ಗಾಳಿಗೆ ಹಾರಿಹೋಗುತ್ತಿತ್ತು; ಇದು ಎಣ್ಣೆಯಂತೆ ನೆಲದಲ್ಲಿ ದಿನಗಟ್ಟಲೆ ಕೂರುತ್ತದೆ, ಕಣ್ಣನ್ನೇ ಮೊದಲು ಹಿಡಿಯುತ್ತದೆ. ಲಂಡನ್ನಿನ ಯುದ್ಧ ಸಂಗ್ರಹಾಲಯದಲ್ಲಿರುವ ಜಾನ್ ಸಿಂಗರ್ ಸಾರ್ಜೆಂಟನ ದೊಡ್ಡ ಚಿತ್ರದಲ್ಲಿ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಸೈನಿಕರು ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ಸಾಲಾಗಿ ನಡೆಯುವುದು ಅದರ ಫಲ. ನಿಮಿಷಗಳ ಮಟ್ಟಿಗೆ ಹಾಕಿಕೊಳ್ಳುತ್ತಿದ್ದ ಮಾಸ್ಕನ್ನು ಈಗ ಗಂಟೆಗಟ್ಟಲೆ ಹಾಕಿಕೊಂಡೇ ಗುಂಡು ಹೊಡೆಯಬೇಕು, ನಕ್ಷೆ ಓದಬೇಕು, ಕುದುರೆ ನಡೆಸಬೇಕು. ಮಂಜಾದ ಕಣ್ಣು ಇನ್ನು ಕಿರಿಕಿರಿಯಷ್ಟೇ ಆಗಿ ಉಳಿಯಲಿಲ್ಲ. ಮೂಗಿನ ಕ್ಲಿಪ್ಪನ್ನು ಒಲ್ಲದ ಅಮೆರಿಕನ್ನರು ಟಿಸೋನ ಗಾಳಿದಾರಿಯನ್ನು ಬ್ರಿಟಿಷ್ ಡಬ್ಬಿಗೆ ಕಸಿ ಮಾಡಿದರು. ಓಹಾಯೋದ ರಬ್ಬರ್ ಪಟ್ಟಣ ಆಕ್ರನ್ನಿನ ಹೆಸರು ಹೊತ್ತ ಆಕ್ರನ್ ಟಿಸೋ ಮಾಸ್ಕು ಯುದ್ಧದ ಕೊನೆಯಲ್ಲಿ ಹುಟ್ಟಿತು. ಮುಂದಿನ ಅಮೆರಿಕನ್ ಮಾಸ್ಕುಗಳ ವಂಶವೃಕ್ಷ ಅಲ್ಲಿಂದ ಶುರು.

ಎರಡು ಯುದ್ಧಗಳ ನಡುವೆ ಹೆಚ್ಚೇನೂ ಬದಲಾಗಲಿಲ್ಲ, ಬದಲಾದದ್ದು ಗಿರಾಕಿ. ವಿಮಾನಗಳು ಊರಿನ ಮೇಲೆಯೇ ಗ್ಯಾಸ್ ಸುರಿಯುತ್ತವೆ ಎಂಬ ಭಯದಲ್ಲಿ 1938ರ ಮ್ಯೂನಿಕ್ ಬಿಕ್ಕಟ್ಟಿನ ಹೊತ್ತಿಗೆ ಬ್ರಿಟನ್ ತನ್ನ ನಾಗರಿಕರಿಗೆ 3.8 ಕೋಟಿ ಮಾಸ್ಕು ಹಂಚಿತು. ಅಗ್ಗವಾಗಿರಬೇಕು, ಅಜ್ಜಿಗೂ ಹಾಕಿಕೊಳ್ಳಲು ಬರಬೇಕು. ಆದ್ದರಿಂದ ಒಂದೇ ತೆಳು ರಬ್ಬರು ಹಾಳೆ, ಅದಕ್ಕೆ ಒಂದೇ ಅಗಲ ಕಿಟಕಿ, ಸೆಲ್ಯುಲೋಸ್ ಅಸಿಟೇಟಿನದು. ಬಿಡುವ ಉಸಿರಿಗೆ ಕವಾಟವೇ ಇಲ್ಲ. ಕೆನ್ನೆಯ ಅಂಚಿನಿಂದ ರಬ್ಬರನ್ನು ಪಟಪಟ ಎನ್ನಿಸುತ್ತ ಹೊರಗೆ ಹೋಗುತ್ತಿತ್ತು, ಆ ಅಸಭ್ಯ ಸದ್ದು ಮಕ್ಕಳಿಗೆ ಬಲು ಇಷ್ಟ. 1915ರ ಒಂಟಿ ಕಿಟಕಿ ಹೀಗೆ ಮರಳಿ ಬಂತು, ಅದರ ಹಳೆಯ ರೋಗದೊಂದಿಗೆ. ಕಿಟಕಿ ಬಾಗಬಾರದು, ಹಾಗಾಗಿ ಮಾಸ್ಕು ಮಡಚುವಂತಿಲ್ಲ; ದಾರ ಕಟ್ಟಿದ ರಟ್ಟಿನ ಪೆಟ್ಟಿಗೆಯಲ್ಲಿ ಸರಿಯಾಗಿ ಕೂರಿಸಿ ಹೆಗಲಿಗೆ ಹಾಕಿಕೊಂಡು ಓಡಾಡಬೇಕು. ಮಂಜಿಗೆ ಮದ್ದು ಸಾಬೂನು: ಒಳಮೈಗೆ ತೆಳುವಾಗಿ ಸವರಿದರೆ ನೀರು ಹನಿಯಾಗದೆ ಪೊರೆಯಾಗಿ ಹರಡಿಕೊಳ್ಳುತ್ತದೆ. 2020ರಲ್ಲಿ ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಕನ್ನಡಕಧಾರಿಗಳಿಗೆಂದು ಹರಿದಾಡಿದ್ದೂ ಇದೇ ಉಪಾಯ.

ಬ್ರಿಟನ್ನಿನ ಊರುಗಳ ಮೇಲೆ ಗ್ಯಾಸ್ ಬೀಳಲೇ ಇಲ್ಲ. ಪೆಟ್ಟಿಗೆ ಹೊರುವ ಬೇಸರಕ್ಕೆ ಜನ ಮಾಸ್ಕನ್ನು ಮನೆಯಲ್ಲೇ ಬಿಟ್ಟು ಹೊರಟರು. ಸತ್ತವರು ಅದನ್ನು ಹಾಕಿಕೊಳ್ಳುವವರಲ್ಲ, ತಯಾರಿಸಿದವರು. ಆ ಕಾಲದ ಫಿಲ್ಟರುಗಳಲ್ಲಿ ನೀಲಿ ಆಸ್ಬೆಸ್ಟಾಸ್ ಬಳಸುತ್ತಿದ್ದರು. ಕಾರ್ಖಾನೆಗಳಲ್ಲಿ ಅದನ್ನು ತುಂಬಿದ ಹೆಂಗಸರಲ್ಲಿ ದಶಕಗಳ ನಂತರ ಶ್ವಾಸಕೋಶದ ಪೊರೆಯ ಕ್ಯಾನ್ಸರ್ ಕಾಣಿಸಿಕೊಂಡಿತು.

ಮಾಸ್ಕನ್ನು ಚಪ್ಪಟೆಯಾಗಿಸುವ ದಿಟ್ಟ ಪ್ರಯತ್ನ 1959ರಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ ಎಂ17. ಡಬ್ಬಿ, ಕೊಳವೆ ಎಲ್ಲವನ್ನೂ ಕಿತ್ತುಹಾಕಿ, ಫಿಲ್ಟರುಗಳನ್ನು ಮೆತ್ತನೆ ಗದ್ದಿಗಳಾಗಿ ಎರಡು ಕೆನ್ನೆಗಳ ಒಳಗೇ ಅಡಗಿಸಿದರು. ಕಣ್ಣಿನ ಗಾಜುಗಳೂ ದೊಡ್ಡವಾದವು, ಬಂದೂಕಿಗೆ ಕೆನ್ನೆ ಕೊಡುವುದು ಸಲೀಸಾಯಿತು. ಆದರೆ ಫಿಲ್ಟರು ಬದಲಿಸಬೇಕೆಂದರೆ ಮಾಸ್ಕನ್ನು ತೆಗೆದು ಒಳಗನ್ನು ಹೊರಗೆ ಮಾಡಿ, ತೂತುಗಳಿಂದ ಗದ್ದಿ ಎಳೆದು, ಹೊಸದನ್ನು ತುರುಕಬೇಕು. ವಿಷ ಕವಿದ ಜಾಗದಲ್ಲಿ ಇದನ್ನು ಮಾಡುವ ಹಾಗೇ ಇಲ್ಲ. ಕಾಗದದ ಮೇಲೆ ಜಾಣ ಎನಿಸಿದ್ದು ಕಂದಕದಲ್ಲಿ ಪೆದ್ದಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಕೊನೆಗೂ ಕಿಟಕಿಯೇ ಬಾಗಲು ಕಲಿತದ್ದು 1980ರ ದಶಕದಲ್ಲಿ. ಅಮೆರಿಕದ ವಾಯುಪಡೆ ಮತ್ತು ನೌಕಾಪಡೆಗೆ ಬಂದ ಎಂಸಿಯು-2 ಮಾಸ್ಕಿನಲ್ಲಿ ಸಿಲಿಕೋನಿನ ಮುಖಕ್ಕೆ ಪಾಲಿಯುರೆಥೇನಿನ ಒಂದೇ ಅಗಲ ಹಾಳೆಯನ್ನು ಬೆಸೆದಿದ್ದರು. ಬಗ್ಗಿಸಿದರೆ ಬಗ್ಗುತ್ತದೆ, ಬಿಟ್ಟರೆ ಮೊದಲಿನಂತಾಗುತ್ತದೆ. ಮ್ಯಾಕ್‌ಫರ್ಸನ್ ಬಯಸಿದ್ದ ಅಗಲ ಕಿಟಕಿ, ಅವನ ಕೈಗೆ ಸಿಗದಿದ್ದ ಪದಾರ್ಥದಲ್ಲಿ. ಮೆತ್ತಗಿನ ಹಾಳೆಗೆ ಗೀರು ಬೇಗ ಬೀಳುತ್ತದೆ, ಅದಕ್ಕೆ ಮೇಲೊಂದು ಗಟ್ಟಿ ಹೊರಗಣ್ಣು ಬೇರೆ. ಈ ಶತಮಾನದ ಮೊದಲ ದಶಕದಲ್ಲಿ ಬಂದ ಎಂ50 ಮಾಸ್ಕೂ ಇದೇ ಹಾದಿಯದು: ಬಾಗುವ ಒಂಟಿ ಕಿಟಕಿ, ಟಿಸೋನ ಗಾಳಿದಾರಿ, ಕೆನ್ನೆಗೆ ಒತ್ತಿ ಕೂರುವ ಎರಡು ತೆಳು ಫಿಲ್ಟರು. ಮಾಸ್ಕ್ ಹಾಕಿಕೊಂಡಿರುವಾಗಲೇ ಒಂದನ್ನು ತೆಗೆದು ಇನ್ನೊಂದು ಹಾಕಬಹುದು. ಎಂ17 ಕಲಿಸಿದ ಪಾಠ ಅದು.

ನಿಜವಾಗಿ ಜೇಬಿಗೆ ಹಿಡಿಸುವಂಥದ್ದು ಬಂದದ್ದು ಯುದ್ಧಭೂಮಿಯಿಂದ ಅಲ್ಲ, ಬೆಂಕಿಯ ಹೊಗೆಯಿಂದ. ಅದಕ್ಕೂ ಹಳೆಯ ತಾಯಿಬೇರಿದೆ. ಕ್ಲೀವ್‌ಲ್ಯಾಂಡಿನ ಕಪ್ಪು ಅಮೆರಿಕನ್ ಸಂಶೋಧಕ ಗ್ಯಾರೆಟ್ ಮೋರ್ಗನ್ 1914ರಲ್ಲೇ ಹೊಗೆ ಟೊಪ್ಪಿಗೆಯೊಂದಕ್ಕೆ ಪೇಟೆಂಟ್ ಪಡೆದಿದ್ದ. ಹೊಗೆ ಮೇಲೇರುತ್ತದೆ, ನೆಲದ ಬಳಿ ಗಾಳಿ ಇರುತ್ತದೆ ಎಂದು ಅದಕ್ಕೆ ನೆಲದವರೆಗೆ ಇಳಿಬಿಟ್ಟ ಉದ್ದ ಕೊಳವೆ. 1916ರ ಜುಲೈಯಲ್ಲಿ ಈರಿ ಸರೋವರದ ಕೆಳಗಿನ ಸುರಂಗ ಸ್ಫೋಟಗೊಂಡಾಗ ಅವನೇ ಅದನ್ನು ತೊಟ್ಟು ಒಳಗಿಳಿದು ಜನರನ್ನು ಹೊರತಂದ.

ಅರ್ಧ ಶತಮಾನದ ಆಚೆ, ಮಿನೆಸೋಟದ ಶೆಲ್ಡಾಲ್ ಕಂಪನಿ ವಿಮಾನ ಪ್ರಯಾಣಿಕರಿಗೆಂದು ಒಂದು ಟೊಪ್ಪಿಗೆ ಮಾಡಿತು. ಬಾಹ್ಯಾಕಾಶದಲ್ಲಿ ಬಿಚ್ಚಿಕೊಂಡು ಉಬ್ಬುವ ಎಕೋ ಬಲೂನ್ ಉಪಗ್ರಹವನ್ನು ತಯಾರಿಸಿದ್ದ ಕಂಪನಿ ಅದು. ತೆಳು ಪೊರೆಯನ್ನು ಮಡಚುವ ವಿದ್ಯೆ ಅವರಿಗೆ ಕರತಲಾಮಲಕ. ಈ ಟೊಪ್ಪಿಗೆ ಕ್ಯಾಪ್ಟಾನ್ ಎಂಬ, ಬೆಂಕಿಗೆ ಕರಗದ ಪಾಲಿಇಮೈಡ್ ಪೊರೆಯದು. ಫಿಲ್ಟರಿಲ್ಲ, ಒಳಗೆ ಸಿಕ್ಕಿದ ಗಾಳಿಯಲ್ಲೇ ಕೆಲವು ನಿಮಿಷ. ಅಷ್ಟರಲ್ಲಿ ಬಾಗಿಲು ಸೇರಬೇಕು. ಮುಂದಿನವರು ಇಂಥ ಟೊಪ್ಪಿಗೆಗೆ ಫಿಲ್ಟರು ಸೇರಿಸಿದರು, ಕಾರ್ಬನ್ ಮೊನಾಕ್ಸೈಡಿಗೆ ಹಾಪ್ಕಲೈಟ್ ಎಂಬ ಮ್ಯಾಂಗನೀಸ್ ಮತ್ತು ತಾಮ್ರದ ಆಕ್ಸೈಡುಗಳ ಮಿಶ್ರಣವನ್ನೂ ಸೇರಿಸಿದರು. ಮೊದಲ ಮಹಾಯುದ್ಧದ ಮಾಸ್ಕುಗಳು ತಡೆಯಲಾರದೆ ಹೋಗಿದ್ದ ಅನಿಲ ಅದು.

ಅಮೆರಿಕದ ವಿಮಾನಯಾನ ಆಡಳಿತ 1969ರಲ್ಲಿ ಪ್ರಯಾಣಿಕರಿಗೆಲ್ಲ ಹೊಗೆ ಟೊಪ್ಪಿಗೆ ಕೊಡಬೇಕೆಂಬ ನಿಯಮದ ಕರಡು ಹೊರಡಿಸಿ, 1970ರಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಅದನ್ನು ಬಿಡಿಸಿ ತೊಡುವ ಹೊತ್ತಿನಲ್ಲಿ ಜನ ಬಾಗಿಲ ಕಡೆಗೆ ಹೊರಡುವುದು ತಡವಾದೀತು ಎಂಬ ಆತಂಕ ಅವರದು. 1985ರ ಆಗಸ್ಟ್ 22ರಂದು ಮ್ಯಾಂಚೆಸ್ಟರ್ ನಿಲ್ದಾಣದ ರನ್‌ವೇಯಲ್ಲೇ ಬ್ರಿಟಿಷ್ ಏರ್‌ಟೂರ್ಸಿನ ಬೋಯಿಂಗ್ 737 ಹೊತ್ತಿಕೊಂಡಿತು. 137 ಜನರಲ್ಲಿ 55 ಮಂದಿ ಸತ್ತರು, ಹೆಚ್ಚಿನವರು ಹೊಗೆಯಿಂದ. ತನಿಖಾಧಿಕಾರಿಗಳು ಪ್ರಯಾಣಿಕರಿಗೆ ಹೊಗೆ ಟೊಪ್ಪಿಗೆ ಒದಗಿಸಲು ತಡಮಾಡಬೇಡಿ ಎಂದು ಶಿಫಾರಸು ಮಾಡಿದರು. ಬ್ರಿಟನ್ನಿನ ವಾಯುಯಾನ ಪ್ರಾಧಿಕಾರದ ಲೆಕ್ಕ ಮತ್ತೆ ಸೆಕೆಂಡುಗಳಲ್ಲೇ ನಿಂತಿತು: ಪೊಟ್ಟಣ ಹರಿಯಲು ಇಷ್ಟು, ಬಿಡಿಸಲು ಇಷ್ಟು, ಕುತ್ತಿಗೆ ಬಿಗಿಯಲು ಇಷ್ಟು, ಆ ಹೊತ್ತಿಗೆ ಹಿಂದಿನ ಸಾಲಿನವರು ಕಾಯುತ್ತ ನಿಂತಿರುತ್ತಾರೆ. ಇಂದು ವಿಮಾನದ ಸಿಬ್ಬಂದಿಯ ಕೈಗೆಟಕುವ ಜಾಗದಲ್ಲಿ, ನಿರ್ವಾತ ಪೊಟ್ಟಣದಲ್ಲಿ ಮಡಚಿಟ್ಟ ಹೊಗೆ ಟೊಪ್ಪಿಗೆಗಳಿರುತ್ತವೆ. ಪ್ರಯಾಣಿಕರ ಸೀಟಿನ ಕೆಳಗೆ ಇರುವುದು ಲೈಫ್ ಜಾಕೆಟ್ಟು.